ಪುನಶ್ಚೇತನ ರೋಬಾಟಿಕ್ಸ್‌ನಲ್ಲಿ ಪಿಎಚ್‌.ಡಿ.: ಇಲ್ಲಿಯೋ, ಹೊರದೇಶದಲ್ಲಿಯೋ?

ಪ್ರಶ್ನೆ (ಎಂ.ಟೆಕ್. ವಿದ್ಯಾರ್ಥಿ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ವಿಭಾಗದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಅಂದಿನಿಂದ ದಿನವೂ ಅವರ ಬೆರಳುಗಳನ್ನು ಮಡಿಸಿ ಬಿಡಿಸುವ ವ್ಯಾಯಾಮ ಮಾಡಿಸುತ್ತ, ಇದನ್ನು ದಣಿವಿಲ್ಲದೆ ನೂರಾರು ಸಲ ಮಾಡಿಸಬಲ್ಲ ಯಂತ್ರದ ಬಗ್ಗೆ ಯೋಚಿಸತೊಡಗಿದೆ. ಪುನಶ್ಚೇತನ ರೋಬಾಟಿಕ್ಸ್ ಎನ್ನುವ ಈ ವಿಷಯದಲ್ಲಿಯೇ ಪಿಎಚ್‌.ಡಿ. ಮಾಡುವ ಆಸೆಯಿದೆ. ಇಲ್ಲಿಯೇ ಮಾಡಬೇಕೋ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಂಥ ಕಡೆಗೆ ಅರ್ಜಿ ಹಾಕಬೇಕೋ, ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಯುರೋಪಿನಲ್ಲಿರುವ ಸಂಶೋಧಕ)

ನಡಿಗೆಯ ತರಬೇತಿ ಕೊಡುವ ಲೋಕೋಮ್ಯಾಟ್ ಎಂಬ ರೋಬೋಟ್ ರೂಪುಗೊಂಡದ್ದು ಜ್ಯೂರಿಕ್‌ನಲ್ಲಿಯೇ. ಅಂಗವಿಕಲರು ಸಹಾಯಕ ಸಾಧನಗಳೊಂದಿಗೆ ಸ್ಪರ್ಧಿಸುವ ಸೈಬಥ್ಲಾನ್ ಕೂಡ 2016ರಲ್ಲಿ ಅಲ್ಲಿನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಿಂದ ಆರಂಭವಾಯಿತು. ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್ ದೇಶಗಳಲ್ಲಿ ಪಿಎಚ್‌.ಡಿ. ಎಂದರೆ ಸಾಮಾನ್ಯವಾಗಿ ಸಂಬಳದ ಉದ್ಯೋಗ. ಹುದ್ದೆ ಖಾಲಿಯಾದಾಗ ಪ್ರಕಟಣೆ ಬರುತ್ತದೆ, ಆಯ್ಕೆಯಲ್ಲಿ ಪ್ರಾಧ್ಯಾಪಕರ ಮಾತೇ ಮುಖ್ಯ, ಆದ್ದರಿಂದ ನಿಮ್ಮ ಎಂ.ಟೆಕ್. ಪ್ರಾಜೆಕ್ಟ್‌ಗೆ ಅಂಕಪಟ್ಟಿಗಿಂತ ಹೆಚ್ಚಿನ ತೂಕವಿರುತ್ತದೆ. ಐರೋಪ್ಯ ಒಕ್ಕೂಟದ ನೆರವಿನಿಂದ ಹಲವು ಸಂಸ್ಥೆಗಳು ಸೇರಿ ಪಿಎಚ್.ಡಿ. ಹುದ್ದೆ ಕೊಡುವ ಮೇರಿ ಕ್ಯೂರಿ ಡಾಕ್ಟರಲ್ ಜಾಲಗಳನ್ನೂ ಗಮನಿಸಿ: ನೇಮಕಕ್ಕೆ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಹುದ್ದೆ ಇರುವ ದೇಶದಲ್ಲಿ ನೆಲೆಸಿರಬಾರದೆಂಬ ಅದರ ನಿಯಮದಿಂದ ದಾವಣಗೆರೆಯಲ್ಲಿರುವ ನಿಮಗೆ ಅಡ್ಡಿಯೇನೂ ಇಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ರ‍್ಯಾಟುಲ್ಸ್ ಅಧ್ಯಯನವನ್ನು ಪೂರ್ತಿಯಾಗಿ ಓದಿ. ಬ್ರಿಟನ್ನಿನಲ್ಲಿ ಪಾರ್ಶ್ವವಾಯುವಿಗೊಳಗಾದ 770 ಜನರ ಮೇಲೆ ನಡೆದ ಆ ಪರೀಕ್ಷೆಯಲ್ಲಿ, ತೋಳಿಗೆ ವ್ಯಾಯಾಮ ಮಾಡಿಸುವ ಎಂಐಟಿ-ಮ್ಯಾನಸ್ ರೋಬೋಟ್‌ನ ತರಬೇತಿ ಪಡೆದವರ ಕೈಯ ಬಳಕೆ, ಎಂದಿನ ಚಿಕಿತ್ಸೆ ಪಡೆದವರದಕ್ಕಿಂತ ಹೆಚ್ಚು ಸುಧಾರಿಸಲಿಲ್ಲ. ಯಂತ್ರ ಸಾವಿರ ಸಲ ಕೈಯಾಡಿಸಿದರೂ ರೋಗಿ ಲೋಟ ಹಿಡಿದು ನೀರು ಕುಡಿಯುವಂತಾಗುವುದು ಬೇರೆಯೇ ಮಾತು. ಈ ಅಂತರವೇಕೆ ಎಂಬ ಪ್ರಶ್ನೆಯನ್ನು ಹಿಡಿದು ಗೈಡ್‌ಗೆ ಪತ್ರ ಬರೆದರೆ, ಅವರು ನಿಮ್ಮ ಪತ್ರವನ್ನು ಕೊನೆಯವರೆಗೂ ಓದುತ್ತಾರೆ.

ಉತ್ತರ 2 (ಫಿಸಿಯೋಥೆರಪಿಸ್ಟ್, ಬೆಂಗಳೂರು)

ಮೇಲಿನವರ ಮಾತನ್ನು ಒಪ್ಪುತ್ತೇನೆ; ಆದರೆ ಹತ್ತಿರದಲ್ಲಿರುವುದನ್ನು ಮೊದಲು ನೋಡಿ. ಕೈಯ ತರಬೇತಿಗೆಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮತ್ತು ಐಐಟಿ ಮದ್ರಾಸ್ ಸೇರಿ ಪ್ಲೂಟೋ ಎಂಬ ಪುಟ್ಟ ರೋಬೋಟ್ ತಯಾರಿಸಿವೆ. ಅದರಲ್ಲಿರುವುದು ಒಂದೇ ಮೋಟಾರು. ಹಿಡಿಕೆ ಬದಲಿಸುತ್ತ ಮಣಿಕಟ್ಟು, ಮುಂಗೈ, ಬೆರಳುಗಳ ಬೇರೆ ಬೇರೆ ಚಲನೆಗಳನ್ನು ಮಾಡಿಸಬಹುದು. ನಮ್ಮ ರೋಗಿಗಳು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಉಳಿಯಲಾರರು, ಮನೆಗೆ ಒಯ್ಯಲಾಗದ ಯಂತ್ರ ಅವರಿಗೆ ಸಿಕ್ಕೀತೆಂಬ ಭರವಸೆಯೂ ನನಗಿಲ್ಲ. ಆದ್ದರಿಂದ ಇಂಥ ಸರಳ ಯಂತ್ರದ ಮೇಲಿನ ಸಂಶೋಧನೆಯೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಅರ್ಜಿ ಹಾಕುವ ಮೊದಲು, ಅನುಮತಿ ಪಡೆದು, ಒಂದು ತಿಂಗಳಾದರೂ ಫಿಸಿಯೋಥೆರಪಿ ವಿಭಾಗದಲ್ಲಿ ಕುಳಿತು ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತಂದೆಯವರು ಇಂದಿಗೂ ಎಡಗೈಯಲ್ಲೇ ಊಟ ಮಾಡುತ್ತಾರೆ; ಲೋಟದ ಮಾತು ಮನಸ್ಸಿಗೆ ನಾಟಿತು. ಇಲ್ಲಿಯೇ ಸೇರಿದರೆ ಮನೆ ನಡೆಸುವಷ್ಟು ಫೆಲೋಶಿಪ್ ಸಿಗುತ್ತದೆಯೇ?

ಉತ್ತರ 2

ಕೇಂದ್ರ ಸರ್ಕಾರದ 2023ರ ಪರಿಷ್ಕರಣೆಯ ಪ್ರಕಾರ ಜೂನಿಯರ್ ಫೆಲೋಗಳಿಗೆ (ಆರಂಭದ ವರ್ಷಗಳಲ್ಲಿರುವವರಿಗೆ) ತಿಂಗಳಿಗೆ 37,000, ಸೀನಿಯರ್ ಫೆಲೋಗಳಿಗೆ 42,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ನೀವು ವೆಲ್ಲೂರು ಅಥವಾ ಚೆನ್ನೈನಲ್ಲಿದ್ದರೆ ವಾರಾಂತ್ಯಕ್ಕೆ ರೈಲು ಹತ್ತಿ ತಂದೆಯವರನ್ನು ನೋಡಿ ಬರಲೂಬಹುದು.