ಪ್ರಶ್ನೋತ್ತರ: ಸುಳ್ಳುಪತ್ತೆ ಯಂತ್ರ ಏನನ್ನು ಹಿಡಿಯುತ್ತದೆ, ಎಲ್ಲಿ ಎಡವುತ್ತದೆ

ಅಡ್ಮಿನ್: ಈ ವಾರ ಉತ್ತರಿಸುವವರು ವಿಧಿವಿಜ್ಞಾನ ಮನಶ್ಶಾಸ್ತ್ರಜ್ಞೆ ಡಾ. ವಸುಧಾ ಮತ್ತು ಕ್ರಿಮಿನಲ್ ವಕೀಲರಾದ ಪ್ರಕಾಶ್. ಈಗ ನಡೆಯುತ್ತಿರುವ ಕೇಸುಗಳ ಬಗ್ಗೆ ದಯವಿಟ್ಟು ಕೇಳಬೇಡಿ.

ನಾಗರಾಜ್: ದೊಡ್ಡ ಕೇಸು ಬಂದಾಗಲೆಲ್ಲ ಟಿವಿಯಲ್ಲಿ "ಆರೋಪಿಗೆ ಪಾಲಿಗ್ರಾಫ್" ಅಂತ ದಿನವಿಡೀ ಓಡಿಸ್ತಾರೆ. ಆ ಮೆಷಿನ್ ನಿಜಕ್ಕೂ ಅಳೆಯೋದು ಏನನ್ನ ಮೇಡಂ? ಮಂಪರು ಪರೀಕ್ಷೆ ಅನ್ನೋದೂ ಇದೇನಾ?

ಡಾ. ವಸುಧಾ: ಮಂಪರು ಪರೀಕ್ಷೆ ಬೇರೆ. ಅದರಲ್ಲಿ ಸೋಡಿಯಂ ಪೆಂಟೊಥಾಲ್ ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತಾಡಿಸುತ್ತಾರೆ. ಪಾಲಿಗ್ರಾಫ್‌ನಲ್ಲಿ ಸೂಜಿಯೂ ಇಲ್ಲ, ಔಷಧಿಯೂ ಇಲ್ಲ.

ಎದೆಗೊಂದು, ಹೊಟ್ಟೆಗೊಂದು ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಕಟ್ಟುತ್ತಾರೆ. ಉಸಿರಾಟದ ಎರಡು ಗೆರೆ ಅಲ್ಲಿಂದ ಬರುತ್ತವೆ. ಮೇಲ್ದೋಳಿಗೆ ಬಿಪಿ ನೋಡುವ ಪಟ್ಟಿಯನ್ನೇ ಸುತ್ತಿ, 60–70 ಮಿ.ಮೀ. ಪಾದರಸದ ಮಟ್ಟಕ್ಕೆ ಗಾಳಿ ತುಂಬಿ ಹಾಗೇ ಬಿಡುತ್ತಾರೆ. ಅದು 120/80 ಅನ್ನುವಂಥ ಲೆಕ್ಕ ಕೊಡುವುದಿಲ್ಲ, ಒತ್ತಡ ಏರಿತೋ ಇಳಿಯಿತೋ ಅನ್ನುವುದನ್ನಷ್ಟೇ ತೋರಿಸುತ್ತದೆ. ಎರಡು ಬೆರಳಿಗೆ ಎಲೆಕ್ಟ್ರೋಡ್ ಹಾಕಿ, ಅನುಭವಕ್ಕೇ ಬಾರದಷ್ಟು ಸಣ್ಣ ಕರೆಂಟು ಹರಿಸಿ, ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆ ಎಷ್ಟು ಬದಲಾಯಿತೆಂದು ನೋಡುತ್ತಾರೆ. ಈಗಿನ ಯಂತ್ರಗಳಲ್ಲಿ ಕುರ್ಚಿಯ ಮೇಲೊಂದು ಪ್ಯಾಡ್ ಕೂಡ ಇರುತ್ತದೆ, ಮೈ ಅಲುಗಿದರೆ ದಾಖಲಾಗಲಿ ಎಂದು.

ಇದರಲ್ಲಿ ಯಾವ ಗೆರೆಯೂ ಸುಳ್ಳಿನದಲ್ಲ. ಹೆದರಿಕೆ, ಸಿಟ್ಟು, ಅವಮಾನ, ಅಚ್ಚರಿ ಯಾವುದಾದರೂ ಸರಿ, ದೇಹ ಕೆರಳುವ ಬಗೆ ಒಂದೇ. ಸುಳ್ಳಿಗೇ ಮೀಸಲಾದ ಲಕ್ಷಣ ಇದುವರೆಗೂ ಯಾರಿಗೂ ಸಿಕ್ಕಿಲ್ಲ.

ಸಹನಾ: ಮತ್ತೆ ಸುಳ್ಳು ಅಂತ ತೀರ್ಮಾನ ಮಾಡೋದು ಹೇಗೆ?

ಡಾ. ವಸುಧಾ: ಹೋಲಿಸಿ ನೋಡಿ. ಪರೀಕ್ಷೆಯ ಜೀವಾಳ ಇರುವುದು ಪ್ರಶ್ನೆಗಳಲ್ಲಿ, ಯಂತ್ರದಲ್ಲಲ್ಲ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಮೂರು ಬಗೆಯ ಪ್ರಶ್ನೆ ಇರುತ್ತವೆ. "ಇವತ್ತು ಸೋಮವಾರವೇ?" ಅನ್ನುವಂಥದ್ದು ತಟಸ್ಥ ಪ್ರಶ್ನೆ. "ಆ ಬೀರುವಿನಿಂದ ಹಣ ತೆಗೆದವರು ನೀವೇ?" ಅನ್ನುವುದು ಕೇಸಿಗೆ ಸಂಬಂಧಪಟ್ಟದ್ದು. ಮೂರನೆಯದು ಹೋಲಿಕೆಯ ಪ್ರಶ್ನೆ: "25 ವರ್ಷ ತುಂಬುವ ಮೊದಲು, ನಿಮ್ಮನ್ನು ನಂಬಿದವರಿಗೆ ಯಾವತ್ತಾದರೂ ಮೋಸ ಮಾಡಿದ್ದೀರಾ?" ಎದೆ ಮುಟ್ಟಿ ಇಲ್ಲ ಎನ್ನಬಲ್ಲವರು ಕಡಿಮೆ, ಆದರೂ ಆ ಕುರ್ಚಿಯಲ್ಲಿ ಕೂತವರು "ಇಲ್ಲ" ಎಂದೇ ಬಿಡುತ್ತಾರೆ. ನಿರಪರಾಧಿ ಈ ಪ್ರಶ್ನೆಗೆ ಹೆಚ್ಚು ಕಳವಳಪಡುತ್ತಾನೆ, ಅಪರಾಧಿ ಬೀರುವಿನ ಪ್ರಶ್ನೆಗೆ ಹೆಚ್ಚು ಕಳವಳಪಡುತ್ತಾನೆ ಅನ್ನುವುದು ಇದರ ಹಿಂದಿನ ಊಹೆ. ಊಹೆ ಎಂದೇ ಬರೆದಿದ್ದೇನೆ, ಗಮನಿಸಿ.

ನಡೆಯುವ ಕ್ರಮ ಹೀಗಿರುತ್ತದೆ. ಮೊದಲು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಬರೀ ಮಾತುಕತೆ. ಆರೋಗ್ಯ, ನಿದ್ದೆ, ತೆಗೆದುಕೊಳ್ಳುವ ಮಾತ್ರೆ ವಿಚಾರಿಸಿ, ಕೇಸಿನ ಬಗ್ಗೆ ಅವರು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ಕೇಳಲಿರುವ ಪ್ರಶ್ನೆಗಳನ್ನೆಲ್ಲ ಮೊದಲೇ ಓದಿ ಹೇಳಬೇಕು. ಹಠಾತ್ತನೆ ಹೊಸ ಪ್ರಶ್ನೆ ಎಸೆದರೆ ಸತ್ಯವಂತನೂ ಬೆಚ್ಚುತ್ತಾನೆ, ಗೆರೆ ಜಿಗಿಯುತ್ತದೆ. ಉತ್ತರ "ಹೌದು", "ಇಲ್ಲ" ಎರಡೇ. ಒಂದು ಸುತ್ತಿಗೆ ಹತ್ತು-ಹನ್ನೆರಡು ಪ್ರಶ್ನೆ, ಪ್ರತಿ ಪ್ರಶ್ನೆಯ ನಡುವೆ 20–25 ಸೆಕೆಂಡು ಬಿಡುವು. ಅಷ್ಟು ಬಿಡದಿದ್ದರೆ ಹಿಂದಿನ ಪ್ರಶ್ನೆಯ ಏರಿಕೆ ಇಳಿಯುವ ಮುಂಚೆಯೇ ಮುಂದಿನದು ಶುರುವಾಗಿ ಎರಡೂ ಕಲಸಿಹೋಗುತ್ತವೆ. ಸುತ್ತು ಮುಗಿದ ಕೂಡಲೇ ಪಟ್ಟಿಯ ಗಾಳಿ ಬಿಡಬೇಕು, ಇಲ್ಲದಿದ್ದರೆ ಕೈ ಜೋಮು ಹಿಡಿದು ನೋವೇ ಗೆರೆಯಲ್ಲಿ ಕಾಣುತ್ತದೆ. ಇಂಥ ಕನಿಷ್ಠ ಮೂರು ಸುತ್ತು ಆಗಬೇಕು.

ಆಮೇಲೆ ಅಂಕ ಹಾಕುವುದು. ಕೇಸಿನ ಪ್ರತಿ ಪ್ರಶ್ನೆಯನ್ನೂ ಪಕ್ಕದ ಹೋಲಿಕೆಯ ಪ್ರಶ್ನೆಯೊಂದಿಗೆ ಇಟ್ಟು −3ರಿಂದ +3ರವರೆಗೆ ಅಂಕ ಕೊಡುತ್ತಾರೆ. ಒಟ್ಟು +6 ಅಥವಾ ಮೇಲಿದ್ದರೆ ಸತ್ಯ, −6 ಅಥವಾ ಕೆಳಗಿದ್ದರೆ ಸುಳ್ಳು, ನಡುವೆ ಬಿದ್ದರೆ "ನಿರ್ಧರಿಸಲಾಗದು" ಅನ್ನುವುದು ಹೆಚ್ಚು ಪ್ರಚಲಿತವಾದ ಲೆಕ್ಕ. ಮೂರನೆಯ ಉತ್ತರವನ್ನು ಎಂದೂ ಕೊಡದ ಪರೀಕ್ಷಕರಿದ್ದರೆ ನನಗೆ ಅನುಮಾನ ಬರುತ್ತದೆ.

ಅನ್ವರ್: ಇದನ್ನ ಕಂಡುಹಿಡಿದದ್ದು ಪೊಲೀಸರೋ ವಿಜ್ಞಾನಿಗಳೋ?

ಡಾ. ವಸುಧಾ: ಇಬ್ಬರೂ ಸೇರಿ. ಇಟಲಿಯ ಅಪರಾಧಶಾಸ್ತ್ರಜ್ಞ ಲೊಂಬ್ರೋಸೊ 1890ರ ದಶಕದಲ್ಲೇ ಶಂಕಿತರ ನಾಡಿ ಬದಲಾವಣೆ ನೋಡುತ್ತಿದ್ದ. 1914ರಲ್ಲಿ ಮನಶ್ಶಾಸ್ತ್ರಜ್ಞ ಬೆನುಸ್ಸಿ ಉಸಿರಾಟದ ಬದಲಾವಣೆಯನ್ನು ಆಧಾರ ಮಾಡಿಕೊಂಡ. 1915ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ವಿಲಿಯಂ ಮಾರ್ಸ್ಟನ್ ರಕ್ತದೊತ್ತಡ ಸಾಕು ಎಂದು ವಾದಿಸಿದ. ಮುಂದೆ ವಂಡರ್ ವುಮನ್ ಕಾಮಿಕ್ಸ್ ಪಾತ್ರವನ್ನು ಸೃಷ್ಟಿಸಿದವನೂ ಇವನೇ. ಸಿಕ್ಕಿಬಿದ್ದವರ ಬಾಯಿಂದ ನಿಜ ಹೊರಡಿಸುವ ಅವಳ ಹಗ್ಗ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ!

ಉಸಿರು, ರಕ್ತದೊತ್ತಡ ಎರಡನ್ನೂ ಬಿಡದೆ ಒಟ್ಟಿಗೆ ದಾಖಲಿಸುವ ಯಂತ್ರ ಬಂದದ್ದು 1921ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಕಟ್ಟಿದವನು ಡಾಕ್ಟರೇಟ್ ಪಡೆದ ಪೊಲೀಸ್ ಜಾನ್ ಲಾರ್ಸನ್, ಬೆನ್ನಿಗೆ ನಿಂತವನು ಅಲ್ಲಿನ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್. ಹೊಡೆದು ಬಾಯಿಬಿಡಿಸುವುದನ್ನು ನಿಲ್ಲಿಸಬೇಕೆಂಬುದು ವೋಲ್ಮರ್ ಆಸೆ. ಆಗ ಹೊಗೆ ಹಿಡಿಸಿದ ಕಾಗದದ ಮೇಲೆ ಮುಳ್ಳು ಗೀರುತ್ತಿತ್ತು. ಲಾರ್ಸನ್ ಶಿಷ್ಯ ಲಿಯೊನಾರ್ಡ್ ಕೀಲರ್ ಶಾಯಿ ಪೆನ್ನು ತಂದು, ಪೆಟ್ಟಿಗೆಯಲ್ಲಿ ಹೊತ್ತೊಯ್ಯುವ ಹಾಗೆ ಮಾಡಿ, 1930ರ ದಶಕದಲ್ಲಿ ಬೆವರಿನ ಗೆರೆಯನ್ನೂ ಸೇರಿಸಿ, ಬ್ಯಾಂಕು, ಕಾರ್ಖಾನೆಗಳಿಗೆ ಮಾರಿದ. ಲಾರ್ಸನ್ ಮುಂದೆ ಮನೋವೈದ್ಯನಾದ, ತನ್ನ ಯಂತ್ರ ಬಳಕೆಯಾದ ರೀತಿಯನ್ನು ಕಟುವಾಗಿ ಟೀಕಿಸಿದ. ಹೋಲಿಕೆಯ ಪ್ರಶ್ನೆಯ ವಿಧಾನ 1947ರಲ್ಲಿ ಜಾನ್ ರೀಡ್ ತಂದದ್ದು.

ಅಮೆರಿಕದ ಕೋರ್ಟು ಮಾತ್ರ ಶುರುವಿನಲ್ಲೇ ಬಾಗಿಲು ಹಾಕಿತು. 1923ರ ಫ್ರೈ ಪ್ರಕರಣದಲ್ಲಿ ಮಾರ್ಸ್ಟನ್ ನಡೆಸಿದ ಪರೀಕ್ಷೆಯನ್ನು, ಆ ಕ್ಷೇತ್ರದ ವಿಜ್ಞಾನಿಗಳೇ ಇದನ್ನಿನ್ನೂ ಸಾಮಾನ್ಯವಾಗಿ ಒಪ್ಪಿಲ್ಲ ಎಂದು ತಳ್ಳಿಹಾಕಿತು.

ಮಹೇಶ್: ನಮ್ಮ ಗೋಡೌನ್‌ನಲ್ಲಿ ಮಾಲು ಕಳುವಾಗ್ತಿದೆ. 40 ಜನ ಇದ್ದಾರೆ. ಖಾಸಗಿಯವರನ್ನ ಕರೆಸಿ ಎಲ್ಲರಿಗೂ ಈ ಟೆಸ್ಟ್ ಮಾಡಿಸಿದ್ರೆ ಹೇಗೆ?

ಡಾ. ವಸುಧಾ: ಬೇಡ. ಲೆಕ್ಕ ಹಾಕಿ ನೋಡಿ. ಕಳ್ಳ ಒಬ್ಬನೇ ಇದ್ದಾನೆ, ಪರೀಕ್ಷೆ 100ಕ್ಕೆ 85 ಸಲ ಸರಿ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಉಳಿದ 39 ಜನರಲ್ಲಿ ಶೇ. 15 ಅಂದರೆ ಸುಮಾರು ಆರು ಮಂದಿ ನಿರಪರಾಧಿಗಳು "ಸುಳ್ಳು" ಪಟ್ಟಿಗೆ ಬೀಳುತ್ತಾರೆ. ಕಳ್ಳನೂ ಸಿಕ್ಕಿದ ಅನ್ನೋಣ. ನಿಮ್ಮ ಕೈಯಲ್ಲಿ ಏಳು ಹೆಸರು, ಅದರಲ್ಲಿ ಆರು ತಪ್ಪು. ಗೂಢಚಾರರನ್ನು ಹುಡುಕುವ ಇಂಥದೇ ಲೆಕ್ಕವನ್ನು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರ ವರದಿಯಲ್ಲಿ ಕೊಟ್ಟಿತ್ತು: 10,000 ನೌಕರರಲ್ಲಿ 10 ಗೂಢಚಾರರು ಇದ್ದು, ಎಂಟು ಮಂದಿಯನ್ನು ಹಿಡಿಯುವಷ್ಟು ಬಿಗಿ ಮಾಡಿದರೆ ಸುಮಾರು 1,600 ಅಮಾಯಕರೂ ಅವರ ಜೊತೆ ಫೇಲಾಗುತ್ತಾರೆ. ಆ ದುಡ್ಡಲ್ಲಿ ಕ್ಯಾಮೆರಾ ಹಾಕಿಸಿ, ಸ್ಟಾಕ್ ರಿಜಿಸ್ಟರ್ ಸರಿಮಾಡಿ.

ಪ್ರಕಾಶ್: ಅಮೆರಿಕದಲ್ಲಿ 1988ರ ಕಾಯ್ದೆಯೊಂದು ಬಹುಪಾಲು ಖಾಸಗಿ ಮಾಲೀಕರು ಹೀಗೆ ಮಾಡುವುದನ್ನು ತಡೆದಿದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗೆಂದು ಒತ್ತಾಯಿಸಿ ಕೂರಿಸಿ, ರಿಪೋರ್ಟ್ ಆಧಾರದಲ್ಲೇ ಕೆಲಸದಿಂದ ತೆಗೆದರೆ ಲೇಬರ್ ಕೋರ್ಟಿನಲ್ಲಿ ನೀವು ಉತ್ತರ ಕೊಡಬೇಕಾದೀತು.

ದೀಪಿಕಾ: ಇದನ್ನ ಯಾಮಾರಿಸಬಹುದು ಅಂತಾರೆ, ನಿಜವಾ? ಬಿಪಿ ಮಾತ್ರೆ ತಗೊಳ್ಳೋರ ಗತಿ ಏನು?

ಡಾ. ವಸುಧಾ: ಆಗಿದೆ. ಸೋವಿಯತ್ ಪರ ಗೂಢಚಾರನಾಗಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಎರಡು ಸಲ ಪಾಸಾದ, ಸಿಕ್ಕಿಬಿದ್ದದ್ದು 1994ರಲ್ಲಿ. ಸರಣಿ ಕೊಲೆಗಾರ ಗ್ಯಾರಿ ರಿಡ್ಜ್‌ವೇ 1984ರಲ್ಲಿ ಪಾಸಾಗಿ 2001ರವರೆಗೆ ಹೊರಗಿದ್ದ.

ಇದಕ್ಕಿಂತ ಹೆಚ್ಚಾಗಿ ಫಲಿತಾಂಶ ಕೆಡುವುದು ಸಣ್ಣಪುಟ್ಟ ಕಾರಣಕ್ಕೆ. ಬೀಟಾ ಬ್ಲಾಕರ್ ಮಾತ್ರೆ ಹೃದಯದ ಗೆರೆಯನ್ನು ಮಂಕಾಗಿಸುತ್ತದೆ. ಗಾರೆ ಕೆಲಸ, ಹೊಲದ ಕೆಲಸದಿಂದ ಬೆರಳು ಗಟ್ಟಿಯಾಗಿದ್ದರೆ, ಎಸಿ ಕೋಣೆಯಲ್ಲಿ ಕೈ ತಣ್ಣಗಾಗಿದ್ದರೆ ಬೆವರಿನ ಗೆರೆ ಏಳುವುದೇ ಇಲ್ಲ. ಕೆಮ್ಮು, ಜ್ವರ, ರಾತ್ರಿಯಿಡೀ ನಿದ್ದೆ ಇಲ್ಲದ ವಿಚಾರಣೆ ಇದ್ದರೆ ಪರೀಕ್ಷೆ ಮುಂದೂಡಬೇಕು. "ನೀವು ಬೀಗ ಒಡೆದು ಹಣ ತೆಗೆದಿರಾ?" ಎಂಬ ಜೋಡಿ ಪ್ರಶ್ನೆ ಕೇಳಲೇಬಾರದು, ಬೇರೆಯವನು ಒಡೆದು ಇವನು ತೆಗೆದಿದ್ದರೆ "ಇಲ್ಲ" ಎಂಬ ಉತ್ತರ ನಿಜವೇ ಆಗಿಬಿಡುತ್ತದೆ. ಪ್ರಶ್ನೆ ಅವರ ಮನೆಮಾತಿನಲ್ಲಿಯೇ ಇರಬೇಕು.

ಸಹನಾ: ಅಂದ್ರೆ ಇದರಿಂದ ಏನೂ ಉಪಯೋಗವಿಲ್ವಾ?

ಡಾ. ವಸುಧಾ: ಒಂದು ವಿಧಾನದ ಬಗ್ಗೆ ನನಗೆ ಗೌರವವಿದೆ. 1959ರಲ್ಲಿ ಡೇವಿಡ್ ಲಿಕೆನ್ ಸೂಚಿಸಿದ್ದು, ಜಪಾನ್ ಪೊಲೀಸರು ಮುಖ್ಯವಾಗಿ ಬಳಸುವುದು ಇದನ್ನೇ. ಇಲ್ಲಿ "ನೀನು ಮಾಡಿದೆಯಾ" ಎಂದು ಕೇಳುವುದೇ ಇಲ್ಲ, ಮಾಡಿದವನಿಗಷ್ಟೇ ಗೊತ್ತಿರುವ ವಿವರ ಗೊತ್ತೇ ಎಂದು ನೋಡುತ್ತಾರೆ. ಕದ್ದ ಸರವನ್ನು ಯಾವುದರಲ್ಲಿ ಸುತ್ತಿದ್ದರು: ಪೇಪರ್? ಟವೆಲ್? ಪ್ಲಾಸ್ಟಿಕ್ ಕವರ್? ಕರ್ಚೀಫ್? ರವಿಕೆ ಕಣ? ಇವುಗಳ ಮುಂಚೆ ಲೆಕ್ಕಕ್ಕಿಲ್ಲದ ಒಂದು ವಸ್ತು ಹೇಳಬೇಕು, ಏಕೆಂದರೆ ಮೊದಲನೆಯದಕ್ಕೆ ಎಲ್ಲರೂ ಸ್ವಲ್ಪ ಕೆರಳುತ್ತಾರೆ. ಏನೂ ಗೊತ್ತಿಲ್ಲದವನು ಸರಿಯಾದ ವಸ್ತುವಿಗೇ ಅತಿ ಹೆಚ್ಚು ಕೆರಳುವ ಸಾಧ್ಯತೆ ಐದರಲ್ಲಿ ಒಂದು. ಇಂಥ ಆರು ಪ್ರಶ್ನೆಯಲ್ಲೂ ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ 15,625ರಲ್ಲಿ ಒಂದು.

ಕೆಡುವುದು ಎಲ್ಲಿ ಗೊತ್ತೇ? ವಿವರ ಸೋರಿದಾಗ. ಟಿವಿಯವರು ಟವೆಲ್ ತೋರಿಸಿದ್ದರೆ, ವಿಚಾರಣೆಯಲ್ಲಿ ತನಿಖಾಧಿಕಾರಿ ಬಾಯಿ ಬಿಟ್ಟಿದ್ದರೆ, ಸ್ಥಳ ಮಹಜರಿಗೆ ಶಂಕಿತನನ್ನೇ ಕರೆದೊಯ್ದಿದ್ದರೆ, ಅಲ್ಲಿಗೆ ಮುಗಿಯಿತು. ಈ ಪರೀಕ್ಷೆ ಬೇಕೆಂದರೆ ಮೊದಲ ದಿನವೇ ಐದಾರು ವಿವರ ಗುಟ್ಟಾಗಿ ತೆಗೆದಿಡಬೇಕು. ನಮ್ಮಲ್ಲಿ ಆ ಸಂಯಮ ಅಪರೂಪ.

ಕಾವ್ಯ: ಕಾನೂನು ವಿದ್ಯಾರ್ಥಿನಿ. ಸೆಲ್ವಿ ತೀರ್ಪಿನ ನಂತರ ಈಗಿನ ಸ್ಥಿತಿ ಏನು ಸರ್?

ಪ್ರಕಾಶ್: ಅದು ನಮ್ಮ ಬೆಂಗಳೂರಿನ ಕೋರಮಂಗಲ ಠಾಣೆಯ ಪ್ರಕರಣದಿಂದ ಹೊರಟದ್ದು. ಹೈಕೋರ್ಟ್ 2004ರಲ್ಲಿ ಪರೀಕ್ಷೆಗೆ ಒಪ್ಪಿತ್ತು. 2010ರ ಮೇ 5ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೇರೆ ಮಾತು ಹೇಳಿತು: ಪಾಲಿಗ್ರಾಫ್, ಮಂಪರು, ಮೆದುಳಿನ ವಿದ್ಯುತ್ ಸಂಕೇತ ನೋಡುವ ಪರೀಕ್ಷೆ, ಮೂರನ್ನೂ ಬಲವಂತವಾಗಿ ನಡೆಸುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಯುವ 21ನೇ ವಿಧಿ ಅದಕ್ಕೆ ಅಡ್ಡ. ಆರೋಪಿಗಷ್ಟೇ ಅಲ್ಲ, ಶಂಕಿತರಿಗೂ ಸಾಕ್ಷಿಗಳಿಗೂ ಇದು ಅನ್ವಯ. ಸ್ವಇಚ್ಛೆಯಿಂದ ಕೂತರೂ ಫಲಿತಾಂಶ ತಾನೇ ಸಾಕ್ಷ್ಯವಾಗದು. ಅದರಿಂದ ಮುಂದೆ ಪತ್ತೆಯಾದ ವಸ್ತು ಅಥವಾ ಮಾಹಿತಿ ಮಾತ್ರ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಪ್ರಕಾರ ಬರಬಹುದು. ಆ ಅಂಶ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿದೆ.

ರುದ್ರೇಶ್: ಮನೆಯವರೊಬ್ಬರಿಗೆ ಟೆಸ್ಟಿಗೆ ಒಪ್ಪಿಗೆ ಕೊಡಿ ಅಂತ ಕೇಳಿದ್ದಾರೆ. ಏನು ನೋಡ್ಕೋಬೇಕು ಸರ್?

ಪ್ರಕಾಶ್: ಕೇಸಿನ ವಿವರ ಇಲ್ಲಿ ಬರೆಯಬೇಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದೆ, ಅದನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಒಪ್ಪಿಗೆಗೆ ಠಾಣೆಯಲ್ಲಿ ಸಹಿ ಹಾಕಿದರೆ ಆಗದು, ಅದು ಮ್ಯಾಜಿಸ್ಟ್ರೇಟ್ ಮುಂದೆ, ವಕೀಲರ ಸಮ್ಮುಖದಲ್ಲಿ ದಾಖಲಾಗಬೇಕು. ಎಷ್ಟು ದಿನ ವಶದಲ್ಲಿದ್ದರು, ವಿಚಾರಣೆ ಹೇಗಿತ್ತು ಅನ್ನುವುದನ್ನು ಮ್ಯಾಜಿಸ್ಟ್ರೇಟ್ ಗಮನಿಸಬೇಕು, ಹಾಗಾಗಿ ಹೊಡೆತ, ನಿದ್ದೆಗೆಡಿಸಿದ್ದು ಇದ್ದರೆ ಅಲ್ಲೇ ಹೇಳಲಿ. ಅವರು ಹೇಳುವುದು ತಪ್ಪೊಪ್ಪಿಗೆಯಲ್ಲ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಷ್ಟೇ ಎಂದು ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಪರೀಕ್ಷೆ ನಡೆಸುವುದು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ, ವಕೀಲರು ಹಾಜರಿರಬೇಕು. ಬೇಡ ಎನ್ನುವ ಹಕ್ಕು ಪೂರ್ತಿ ಅವರದೇ.

ಡಾ. ವಸುಧಾ: ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ. ಪರೀಕ್ಷೆಗೆಂದು ಬಿಪಿ ಮಾತ್ರೆ ನಿಲ್ಲಿಸಬೇಡಿ.

ಅನ್ವರ್: ಮೊಬೈಲಲ್ಲಿ ಬೆರಳಿಟ್ಟರೆ ಸುಳ್ಳು ಹೇಳೋ ಆ್ಯಪ್ ಇದೆಯಲ್ಲ ಮೇಡಂ?

ಡಾ. ವಸುಧಾ: ಮಕ್ಕಳ ಆಟಕ್ಕೆ ಸರಿ. ಬೆರಳ ಬೆವರು ಅಳೆಯುವ ಎಲೆಕ್ಟ್ರೋಡ್ ಫೋನಿನಲ್ಲಿ ಇಲ್ಲವೇ ಇಲ್ಲ.