ಕೌಂಟ್ ಅನ್ನೋದು ನೌಕರಿಯೋ, ಮನೆತನದ ಪದವಿಯೋ?

ದಾವಣಗೆರೆ ಓದುಗಿ:
ಎಂ.ಎ. ಇತಿಹಾಸದ ಪರೀಕ್ಷೆಗೆ ಓದ್ತಾ ಇದ್ದೇನೆ. ಯುರೋಪಿನಲ್ಲಿ, ಈಗಿನ ಬೆಲ್ಜಿಯಂ ಕಡೆ ಇದ್ದ ಫ್ಲಾಂಡರ್ಸ್ ಸೀಮೆಯ ಮೊದಲ ಕೌಂಟ್ ಬಾಲ್ಡ್ವಿನ್‌ಗೆ ರಾಜನೇ ಆ ಸೀಮೆ ಕೊಟ್ಟ ಅಂತ ಒಂದು ಪುಟದಲ್ಲಿದೆ. ಮುಂದಿನ ಪುಟದಲ್ಲೇ ಅದು ವಂಶದ ಪದವಿ ಅಂತಿದೆ. ಯಾವುದು ಸರಿ? ಎಣಿಸೋ ಕೌಂಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ದುರ್ಗದ ಮೇಷ್ಟ್ರು:
ಎರಡೂ ಸರಿ ಕಣಮ್ಮ. ಎಣಿಕೆಗೆ ಸಂಬಂಧ ಇಲ್ಲ. ಲ್ಯಾಟಿನ್‌ನ 'ಕೋಮೆಸ್' ಅಂದರೆ ಜೊತೆಗಾರ, ರಾಜನ ಜೊತೆಯವನು. ಪಶ್ಚಿಮ ಯುರೋಪಿನ ದೊಡ್ಡ ದೊರೆ ಶಾರ್ಲಮೇನ್ ಕಾಲದಲ್ಲಿ ಅದು ನೌಕರಿ. ನ್ಯಾಯ ಹೇಳಬೇಕು, ದಂಡಿಗೆ ಜನ ಸೇರಿಸಬೇಕು. ತಪ್ಪಿತಸ್ಥರು ಕಟ್ಟುವ ದಂಡದ ಹಣದಲ್ಲಿ ಮೂರನೇ ಒಂದು ಪಾಲು ಅವನಿಗೆ. ರಾಜ ಬೇಡ ಅಂದರೆ ಹೋಗಬೇಕು.

ಬಾಲ್ಡ್ವಿನ್ ಕಥೆ ನನಗೆ ತುಂಬಾ ಇಷ್ಟ. ಶಾರ್ಲಮೇನ್‌ನ ಮೊಮ್ಮಗ, ಫ್ರಾನ್ಸ್ ಕಡೆಯ ರಾಜ ಬೋಳ ಚಾರ್ಲ್ಸ್‌ನ ಮಗಳು ಜೂಡಿತ್. ಇಂಗ್ಲೆಂಡಿನ ವೆಸೆಕ್ಸ್‌ನಲ್ಲಿ ಮೊದಲು ಅಲ್ಲಿನ ರಾಜನನ್ನು, ಅವನು ಸತ್ತ ಮೇಲೆ ಅವನ ಮಗನನ್ನು ಮದುವೆಯಾಗಿ, ಇಬ್ಬರನ್ನೂ ಕಳೆದುಕೊಂಡು ಬಂದಿದ್ದಳು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಪ್ಪ ಅವಳನ್ನು ಸೆನ್ಲಿಸ್‌ನಲ್ಲಿ ಕಾವಲಲ್ಲಿಟ್ಟ. ಅವಳು ಬಾಲ್ಡ್ವಿನ್ ಜೊತೆ ಓಡಿಹೋದಳು. ಅವಳ ತಮ್ಮ ಲೂಯಿಯ ಒಪ್ಪಿಗೆಯೂ ಇತ್ತು! ಚಾರ್ಲ್ಸ್ ಇಬ್ಬರಿಗೂ ಚರ್ಚಿನಿಂದ ಬಹಿಷ್ಕಾರ ಹಾಕಿಸಿದ. ಅವರು ರೋಮ್‌ಗೆ ಹೋಗಿ ಪೋಪ್ ನಿಕೋಲಸ್ ಹತ್ತಿರ ಬೇಡಿಕೊಂಡರು. ನೀನು ಹಟ ಹಿಡಿದರೆ ಬಾಲ್ಡ್ವಿನ್ ನಾರ್ಮನ್ನರ, ಅಂದರೆ ಹಡಗಿನಲ್ಲಿ ಬಂದು ಲೂಟಿ ಮಾಡೋರ, ಕಡೆ ಸೇರಿಬಿಡಬಹುದು ಅಂತ ಪೋಪ್ ಚಾರ್ಲ್ಸ್‌ಗೆ ಎಚ್ಚರಿಸಿದರು. 863ರಲ್ಲಿ ಮದುವೆ ಆಯ್ತು. ಅಳಿಯನಿಗೆ ಬ್ರೂಜ್ ಸುತ್ತಲಿನ ತಗ್ಗು ಸೀಮೆ ಸಿಕ್ಕಿತು.

ಇನ್ನು ವಂಶದ ವಿಷಯ. 877ರಲ್ಲಿ ಚಾರ್ಲ್ಸ್ ಇಟಲಿಗೆ ಹೊರಟ. ನಾನಿಲ್ಲದಾಗ ಯಾವನಾದರೂ ಕೌಂಟ್ ಸತ್ತರೆ ಮಗನ ಹಕ್ಕಿಗೆ ಧಕ್ಕೆ ಆಗಬಾರದು ಅಂತ ಕಿಯೆರ್ಸಿಯಲ್ಲಿ ಒಪ್ಪಿಕೊಂಡ. ಅದೇನೂ ಹೊಸ ಕಾನೂನಲ್ಲ, ಆಗಲೇ ನಡೀತಿದ್ದ ರೂಢಿ. 879ರಲ್ಲಿ ಬಾಲ್ಡ್ವಿನ್ ತೀರಿಕೊಂಡಾಗ ಮಗ ಎರಡನೇ ಬಾಲ್ಡ್ವಿನ್ ಬಂದ.

ಹೊಸದುರ್ಗದವನು:
ಮೇಷ್ಟ್ರೇ, ನಮ್ಮ ತಾತ ಪಟೇಲರು. ಕಂದಾಯದ ಕಿರ್ದಿ ಇನ್ನೂ ಟ್ರಂಕಿನಲ್ಲಿದೆ, ಅಂಚೆಲ್ಲ ಹುಳ ತಿಂದಿದೆ. 1961ರ ಕಾಯ್ದೆ ಬಂದು ಪಟೇಲಿಕೆ ಹೋಯ್ತು. ಈಗಲೂ ನಮ್ಮದು ಪಟೇಲರ ಮನೆನೇ. ಕೌಂಟ್ ಅಂದರೆ ಹೀಗೇನಾ?

ದುರ್ಗದ ಮೇಷ್ಟ್ರು:
ಆ ಕಿರ್ದಿ ಜೋಪಾನ ಮಾಡಪ್ಪ, ಬೇವಿನ ಸೊಪ್ಪು ಹಾಕಿಡು. ವಂಶಕ್ಕೆ ಬಂದದ್ದು ಹೀಗೇ. ಆದರೆ ಪಟೇಲರಿಗೆ ದಂಡು ಇರಲಿಲ್ಲ. ನಮ್ಮ ದುರ್ಗದ ನಾಯಕರು ಇನ್ನೂ ಹತ್ತಿರ. ವಿಜಯನಗರ ಕೊಟ್ಟ ಅಧಿಕಾರ ಅದು. 1565ರಲ್ಲಿ ರಾಜಧಾನಿ ಬಿದ್ದ ಮೇಲೆ ಕೇಳುವವರು ಯಾರಿದ್ದರು? ಫ್ಲಾಂಡರ್ಸ್‌ನಲ್ಲೂ ನಾರ್ಮನ್ನರು ನುಗ್ಗಿದಾಗ ರಾಜ ದೂರ, ಕೋಟೆ ಕಟ್ಟಿದವನು ಕೌಂಟ್.

ದಾವಣಗೆರೆ ಓದುಗಿ:
ಈಗ ತಲೆಗೆ ಹೋಯ್ತು ಸರ್. ಆ ಪದವಿ ಈಗ ಇದೆಯಾ?

ದುರ್ಗದ ಮೇಷ್ಟ್ರು:
ಸೀಮೆಯನ್ನು 1795ರಲ್ಲಿ ಫ್ರಾನ್ಸ್ ಸೇರಿಸಿಕೊಂಡಿತು. 1840ರಲ್ಲಿ ಬೆಲ್ಜಿಯಂ ರಾಜ ಮೊದಲನೇ ಲಿಯೊಪೋಲ್ಡ್ ತನ್ನ ಕಿರಿಮಗ ಫಿಲಿಪ್‌ನನ್ನು 'ಕೌಂಟ್ ಆಫ್ ಫ್ಲಾಂಡರ್ಸ್' ಅಂತ ಕರೆದ. ಆಗ ಸಿಕ್ಕಿದ್ದು ಹೆಸರು ಮಾತ್ರ, ಆಳೋಕೆ ಒಂದು ಹಳ್ಳಿಯೂ ಇರಲಿಲ್ಲ.