ಆಶ್‌ಖಾನ್ ದೊಡ್ಡವನೋ, ಡೇರೆಯ ಅಜ್ಜಿ ದೊಡ್ಡವಳೋ?

ಬೆಣ್ಣೆದೋಸೆ577

ಮಾರೋವಿಂಡ್ ಅನ್ನೋ ಕಂಪ್ಯೂಟರ್ ಆಟವನ್ನು ಮೂರನೇ ಸಲ ಶುರು ಮಾಡಿದ್ದೇನೆ. 2002ರ ಆಟ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ತಡವರಿಸದೆ ಓಡುವುದು ಇದೊಂದೇ. ನಿನ್ನೆ ರಾತ್ರಿ ಉರ್ಶಿಲಾಕು ಅನ್ನೋ ಅಲೆಮಾರಿ ಕುಲದ ಬಿಡಾರಕ್ಕೆ ಹೋದೆ. ಅಲ್ಲಿ ಆಶ್‌ಖಾನ್ (ಅಂದರೆ ಕುಲದ ಮುಖಂಡ) ಸುಲ್-ಮಾತೂಲ್ ಜೊತೆ ಮಾತಾಡಬೇಕು ಅಂದರೆ ಮೊದಲು ಜಬಮುಂಡ್ ಅನ್ನೋ ಗುಲಾಖಾನ್ (ಅವನ ಬಂಟ) ಒಪ್ಪಬೇಕು. ಅವನನ್ನು ಪುಸಲಾಯಿಸಿ, ಕೈ ಬೆಚ್ಚಗೆ ಮಾಡಿ ಒಳಗೆ ಹೋದರೆ, ಆಶ್‌ಖಾನ್ ಸತ್ತುಹೋದ ಅವರಪ್ಪನ ಬಿಲ್ಲು ತಾ ಅಂತ ಸಮಾಧಿ ಗುಹೆಗೆ ಅಟ್ಟಿದ. ಅಲ್ಲಿ ಅವರಪ್ಪನ ದೆವ್ವದ ಕೈಲಿ ಎರಡು ಸಲ ಸತ್ತೆ. ಕೊನೆಗೆ ಬಿಲ್ಲು ತಂದುಕೊಟ್ಟೆ, ಕುಲದ ಗೆಳೆಯ ಅಂತ ಒಪ್ಪಿಕೊಂಡ, ಅಷ್ಟೇ. ನೀನು ನೆರೆವರೀನ್ (ಭವಿಷ್ಯವಾಣಿಯಲ್ಲಿ ಹೇಳಿದ ವೀರ) ಹೌದೋ ಅಲ್ಲವೋ ಅನ್ನೋದನ್ನು ಪಕ್ಕದ ಡೇರೆಯ ಅಜ್ಜಿ, ಕುಲದ ವೈಸ್ ವುಮನ್ (ಜ್ಞಾನಿ ಹೆಂಗಸು) ನಿಬಾನಿ ಮೇಸಾ ಹತ್ತಿರ ಕೇಳು ಅಂತ ಕೈ ತೊಳೆದುಕೊಂಡ!

ಇಲ್ಲೇ ದಾವಣಗೆರೆಯಲ್ಲಿ ದೋಸೆ ತಿನ್ನುವಾಗ ದೋಸ್ತನ ಜೊತೆ ಇದೇ ಜಗಳ. ಅವನ ಪ್ರಕಾರ ಆಶ್‌ಖಾನ್ ಅಂದರೆ ರಾಜ, ಮುಗೀತು. ರಾಜ ಅಂದ್ಮೇಲೆ ಅಜ್ಜಿಯನ್ನು ಯಾಕೆ ಕೇಳಬೇಕು? ಅವನು ಸತ್ತರೆ ಮಗನೇ ಬರುತ್ತಾನಾ? ದೋಸೆ ಬಿಲ್ ಯಾರು ಕೊಡಬೇಕು ಅನ್ನೋದು ಇದರ ಮೇಲೆ ನಿಂತಿದೆ, ಬೇಗ ಹೇಳಿ.

ಗುವಾರ್_ಕಾಯೋನು

ಬಿಲ್ ನಿಮ್ಮ ದೋಸ್ತನೇ ಕೊಡಬೇಕು.

ಈಟಿ, ಬೇಟೆ, ಜಗಳ, ಹೊರಗಿನವರನ್ನು ಬಿಡಾರಕ್ಕೆ ಸೇರಿಸಬೇಕೋ ಬೇಡವೋ, ಇದೆಲ್ಲ ಆಶ್‌ಖಾನನದು. ಗುಲಾಖಾನರು ಅವನ ಬಲಗೈ ಬಂಟರು. ಆದರೆ ಹಿರಿಯರ ಮಾತು, ಕನಸಿನ ಅರ್ಥ, ಭವಿಷ್ಯವಾಣಿ ಎಲ್ಲಾ ವೈಸ್ ವುಮನ್ ಕೈಲಿದೆ. ಆಶ್‌ಖಾನ್ ಅವಳ ಮಾತು ಮೀರುವುದು ಸುಲಭವಲ್ಲ. ಅವಳೂ ಅವನ ಮೇಲೆ ಕೈ ಮಾಡುವುದಿಲ್ಲ. ಅಹೆಮ್ಮುಸಾ ಬಿಡಾರಕ್ಕೆ ಹೋಗಿ ನೋಡಿ. ಅಲ್ಲಿ ಆಶ್‌ಖಾನೇ ಇಲ್ಲ, ಸಿನ್ನಮ್ಮು ಮಿರ್ಪಾಲ್ ಅನ್ನೋ ವೈಸ್ ವುಮನ್ ಎಲ್ಲಾ ನಡೆಸುತ್ತಾಳೆ, ಕುಲವೇನೂ ಬಿದ್ದುಹೋಗಿಲ್ಲ. ಅವಳು ನಿಮ್ಮ ಹತ್ತಿರ ಕೇಳುವುದೂ ಆಯುಧ ಅಲ್ಲ, ಕಷ್ಟ ಬಂದರೆ ತನ್ನ ಜನ ಅಡಗಿಕೊಳ್ಳಲು ಒಂದು ಜಾಗ.

ಮಗನ ಪ್ರಶ್ನೆಗೆ ಎರಬೆನಿಮ್ಸುನ್ ಬಿಡಾರ. ಅಲ್ಲಿನ ಆಶ್‌ಖಾನ್ ಉಲಾತ್-ಪಾಲ್‌ಗೆ ಯುದ್ಧದ ಹುಚ್ಚು. ವೈಸ್ ವುಮನ್ ಮನಿರಾಯ್ ನಿಮ್ಮನ್ನು ಕರೆದು, ಇವನೂ ಇವನ ಕಡೆಯವರೂ ಇರೋವರೆಗೆ ನಿನ್ನ ಕೆಲಸ ಆಗೋದಿಲ್ಲ ಅನ್ನೋದನ್ನು ತಿಳಿಸುತ್ತಾಳೆ. ಕತ್ತಿ ಎತ್ತುವುದು ನೀವು. ಆಮೇಲೆ ಹಾನ್-ಅಮ್ಮು ಅನ್ನೋ ಅಂಜುಬುರುಕನಿಗೆ ಒಂದು ಕೊಡಲಿ, ಒಂದು ತಾಯತ, ಒಂದು ನಿಲುವಂಗಿ ತಂದುಕೊಟ್ಟು ಧೈರ್ಯ ತುಂಬಿದ ಮೇಲೇ ಅವನು ಆಶ್‌ಖಾನ್ ಆಗಲು ಒಪ್ಪುವುದು. ಹುಟ್ಟಿನಿಂದಲೇ ಎಲ್ಲಾ ಸಿಗೋ ಹಾಗಿದ್ದರೆ ಇಷ್ಟು ಓಡಾಟ ಯಾಕೆ?

ಏಳುಸುತ್ತು

ಚಿತ್ರದುರ್ಗದವನು, ಹಾಗಾಗಿ ಬಾಯಿ ಹಾಕುತ್ತೇನೆ. ರಾಜ ಅಂತ ಯೋಚನೆ ಮಾಡಬೇಡಿ, ನಮ್ಮ ಪಾಳೇಗಾರರನ್ನು ನೆನಪು ಮಾಡಿಕೊಳ್ಳಿ. ಇಲ್ಲಿ ಪಟ್ಟದ ಮೇಲೆ ನಾಯಕ ಕೂತಿದ್ದರೂ, ದಳವಾಯಿ ಮುದ್ದಣ್ಣ ತನಗೆ ಬೇಕಾದವರನ್ನು ಕೂರಿಸಿ ಇಳಿಸಿದ ಕಾಲ ಇತ್ತು. ಆಮೇಲೆ ಬಂದ ಭರಮಣ್ಣ ನಾಯಕನ ಕಥೆಯಲ್ಲಿ ಮುರುಘಾ ಸ್ವಾಮಿಗಳ ಆಶೀರ್ವಾದದ ಮಾತು ಬರದೇ ಇರುವುದಿಲ್ಲ. ಕತ್ತಿ ಒಂದು ಕಡೆ, ಮಾತು ಒಂದು ಕಡೆ.

ಇನ್ನೂ ಹತ್ತಿರದ್ದು ಬೇಕಾದರೆ ಚಳ್ಳಕೆರೆ ಕಡೆಯ ಹಟ್ಟಿಗಳು. ನಮ್ಮ ತಾತನ ಜೊತೆ ಒಂದು ಸಲ ಕಟ್ಟೆಮನೆಯ ಪಂಚಾಯ್ತಿಗೆ ಹೋಗಿದ್ದೆ, ಹತ್ತು ವರ್ಷದ ಹುಡುಗ. ಎರಡು ಕುರಿ ವಿಷಯ. ಯಜಮಾನ ಕಂಬಳಿ ಮೇಲೆ ಕೂತು ಒಂದು ಗಂಟೆ ಎಲ್ಲರ ಮಾತು ಕೇಳಿದ, ತಾನೊಂದೂ ಆಡಲಿಲ್ಲ. ಕೊನೆಗೆ ದೇವರ ಪೂಜಾರಿಯ ಮುಖ ನೋಡಿದ. ಪೂಜಾರಿ ತಲೆ ಆಡಿಸಿದ. ಆಮೇಲೇ ಯಜಮಾನನ ಬಾಯಿ ಬಿಚ್ಚಿದ್ದು. ಸುಲ್-ಮಾತೂಲ್ ಡೇರೆಯಲ್ಲಿ ನನಗೆ ಇದೇ ನೆನಪಾಗಿದ್ದು.

ಬೆಣ್ಣೆದೋಸೆ577

ಒಪ್ಪಿದೆ, ಆದರೆ ನಾಯಕರಿಗೆ ಕೋಟೆ ಇತ್ತಲ್ಲ ಅಣ್ಣಾ, ಕಣಜ ಇತ್ತು, ಕಂದಾಯ ಇತ್ತು. ಆಶ್‌ಖಾನನಿಗೆ ಇರೋದು ಒಂದು ಚರ್ಮದ ಡೇರೆ.

ಏಳುಸುತ್ತು

ಅದು ಸರಿಯಾದ ಮಾತು, ನನ್ನ ಹೋಲಿಕೆ ಅಲ್ಲಿ ಕುಂಟುತ್ತದೆ. ಕೋಟೆ ಇದ್ದವನು ಬಾಗಿಲು ಹಾಕಿ ಆಳಬಹುದು. ಡೇರೆಯವನು ಜಾಸ್ತಿ ಗದರಿದರೆ ಜನ ತಮ್ಮ ಸಾಕುಪ್ರಾಣಿ ಗುವಾರ್‌ಗಳನ್ನು ಹೊಡೆದುಕೊಂಡು ಬೇರೆ ಕಡೆ ಹೋಗಬಹುದು, ಹಿಂದೆ ಓಡಿ ಎಷ್ಟು ಜನರನ್ನು ಹಿಡಿಯುತ್ತಾನೆ? ನಾಲ್ಕು ಕುಲಕ್ಕೂ ಒಬ್ಬನೇ ದೊರೆ ಇಲ್ಲದ್ದಕ್ಕೂ ಇದೇ ಕಾರಣ ಅಂತ ನನ್ನ ಲೆಕ್ಕ. ಅದಕ್ಕೇ ನೀವು ನಾಲ್ಕೂ ಬಿಡಾರ ಸುತ್ತಿ ಒಬ್ಬೊಬ್ಬರ ಹತ್ತಿರವೂ ನೆರೆವರೀನ್ ಅಂತ ಒಪ್ಪಿಸಬೇಕಾಗಿರುವುದು.

ಸುಮ್ನೆ_ಓದೋಳು

ಎಲ್ಲರೂ ಸೇರಿ ಜೈನಾಬ್ ಕುಲವನ್ನು ಮರೆತಿರಲ್ಲ! ಅಲ್ಲಿನ ಆಶ್‌ಖಾನ್ ಕೌಶಾದ್‌ಗೆ ತೆಲ್ವಾನಿ ಅನ್ನೋ ಮಾಂತ್ರಿಕರ ಮನೆತನದ ದೊಡ್ಡಮನೆ ಹೆಣ್ಣೇ ಬೇಕಂತೆ. ಅವನ ವೈಸ್ ವುಮನ್ ಸೊನುಮ್ಮು ಜಬಮತ್ ಏನು ಮಾಡುತ್ತಾಳೆ ಗೊತ್ತಾ? ಒಬ್ಬ ಚೆಂದದ ಗುಲಾಮ ಹುಡುಗಿಯನ್ನು ಕೊಂಡು, ಒಳ್ಳೆ ಬಟ್ಟೆ ತೊಡಿಸಿ, ತೆಲ್ವಾನಿಗಳ ಅತ್ತರು ಹಚ್ಚಿ ಕರೆದುಕೊಂಡು ಬಾ ಅಂತ ನಿಮಗೆ ಹೇಳಿಕೊಡುತ್ತಾಳೆ. ಆಶ್‌ಖಾನ್ ಖುಷಿಯಾಗಿ ಮದುವೆಯಾಗುತ್ತಾನೆ. ಅವನಿಗೆ ಮೋಸ ಮಾಡಿದ್ದು ಅವನ ಕುಲದ ಅಜ್ಜಿಯೇ, ಕುಲದ ಒಳ್ಳೆಯದಕ್ಕೇ. ಎದುರಿಗೆ ನಿಂತು ಆಗಲ್ಲ ಅನ್ನುವ ಅಧಿಕಾರ ಅವಳಿಗಿಲ್ಲ, ಆಗಿಸುವ ಬುದ್ಧಿ ಇದೆ. ನಮ್ಮ ಮನೆಯಲ್ಲಿ ಅಪ್ಪ ಯಜಮಾನ, ಬೀರುವಿನ ಕೀ ಅಜ್ಜಿಯ ಸೊಂಟದಲ್ಲಿ. ನನಗೇನೂ ಹೊಸದು ಅನ್ನಿಸಲಿಲ್ಲ.

ಇದೇ ಸರಣಿಯ 2011ರ ಸ್ಕೈರಿಮ್ ಆಟದ ಓರ್ಕ್ ಅನ್ನೋ ಜನಾಂಗದ್ದು ಪೂರಾ ಬೇರೆ. ಅಲ್ಲಿ ಮದುವೆಯಾಗುವುದು ಮುಖಂಡ ಒಬ್ಬನೇ. ಬೆಳೆದ ಮಗ ಅಪ್ಪನನ್ನು ಹೊಡೆದು ಜಾಗಕ್ಕೆ ಬರುತ್ತಾನೆ. ಅಲ್ಲಿಯೂ ಮುಖಂಡನ ಅಮ್ಮ ವೈಸ್ ವುಮನ್ ಆಗಿ ಕೂತಿರುತ್ತಾಳೆ ನೋಡಿ.

ಬೆಣ್ಣೆದೋಸೆ577

ದೋಸ್ತನಿಗೆ ಕೌಶಾದ್ ಕಥೆ ಓದಿ ಹೇಳಿದೆ. ಹಾಗಾದ್ರೆ ಅಜ್ಜಿನೇ ರಾಜ ಅಂತಾನೆ! ಬಿಲ್ ಅರ್ಧರ್ಧ ಮಾಡಿಕೊಂಡೆವು. ಆ ಅತ್ತರು ಎಲ್ಲಿ ಸಿಗುತ್ತೆ, ಯಾರಿಗಾದರೂ ನೆನಪಿದೆಯಾ?